ಎಣ್ಣೆಯ ಅಂಚು, ರೇಷ್ಮೆಯ ಮಡಿಕೆ: ನಾಲ್ಕನೆಯ ಕ್ರಮದ ಸಮೀಕರಣಗಳ ಕಥೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರಿದೆ. ಮಳೆ ಕಡಿಮೆಯಾದ ಈ ಬಯಲುಸೀಮೆಯಲ್ಲಿ ಬೆಳೆಯುವ ಶೇಂಗಾ ಮತ್ತು ಅದನ್ನು ಅರೆಯುವ ಗಿರಣಿಗಳು ಊರಿಗೆ ಆ ಹೆಸರು ತಂದವು. ಗಿರಣಿಗಳ ಸಂಖ್ಯೆ ಈಗ ಇಳಿದಿದೆ, ಹೆಸರು ಉಳಿದಿದೆ. ನೆರೆಯ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು. ಒಂದು ತಾಲ್ಲೂಕಿನಲ್ಲಿ ಎಣ್ಣೆ, ಪಕ್ಕದ ತಾಲ್ಲೂಕಿನಲ್ಲಿ ಸೀರೆ. ಇವೆರಡಕ್ಕೂ ಗಣಿತಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು.

ಗಾಜಿನ ಹಲಗೆಯ ಮೇಲೆ ಒಂದು ಹನಿ ಎಣ್ಣೆ ಬಿಡಿ. ಮೊದಲು ಬೇಗ, ಆಮೇಲೆ ಬಹಳ ನಿಧಾನವಾಗಿ ಅದು ಹರಡುತ್ತದೆ. ಇನ್ನು ಕಪಾಟಿನಲ್ಲಿ ಇಟ್ಟ ರೇಷ್ಮೆ ಸೀರೆಯನ್ನು ಗಮನಿಸಿ. ಮಡಿಕೆಯನ್ನು ಆಗಾಗ ಬದಲಿಸದಿದ್ದರೆ ಜರಿ ಮೊದಲು ಮುರಿಯುವುದು ಮಡಿಕೆಯ ಗೆರೆಯಲ್ಲೇ ಎಂದು ಮನೆಯ ಹಿರಿಯರು ಎಚ್ಚರಿಸುತ್ತಾರೆ. ಹರಡುವ ಹನಿಯನ್ನೂ ಬಾಗುವ ಹಾಳೆಯನ್ನೂ ವಿವರಿಸುವ ಸಮೀಕರಣಗಳು ಒಂದೇ ಕುಲಕ್ಕೆ ಸೇರಿದವು. ಅವು ನಾಲ್ಕನೆಯ ಕ್ರಮದ ಅರೇಖೀಯ ಆಂಶಿಕ ಅವಕಲ ಸಮೀಕರಣಗಳು. ಎರಡರಲ್ಲೂ ಒಂದು ಜಾಗದಲ್ಲಿ ಲೆಕ್ಕ ಅನಂತಕ್ಕೆ ಹೋಗುತ್ತದೆ. ಹನಿಯಲ್ಲಿ ಅದು ಅಂಚು. ಹಾಳೆಯಲ್ಲಿ ಮಡಿಕೆಗಳು ಕೂಡುವ ತುದಿ. ಹೀಗೆ ಅನಂತವನ್ನು ಒಳಗಿಟ್ಟುಕೊಂಡ ಪರಿಹಾರಗಳಿಗೆ ಸಿಂಗ್ಯುಲರ್ ಪರಿಹಾರಗಳು ಎಂದು ಹೆಸರು. ಕನ್ನಡದಲ್ಲಿ ‘ವಿಲಕ್ಷಣ ಪರಿಹಾರ’ ಎನ್ನಬಹುದು.

ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಕ್ಲೇರೋನ ಸಮೀಕರಣವನ್ನು ಓದುವಾಗಲೂ ‘ಸಿಂಗ್ಯುಲರ್ ಪರಿಹಾರ’ ಎಂಬ ಮಾತು ಬರುತ್ತದೆ. ಅಲ್ಲಿ ಅದರ ಅರ್ಥ ಬೇರೆ: ಸರಳರೇಖೆಗಳ ಒಂದು ಕುಟುಂಬವನ್ನೆಲ್ಲ ಸ್ಪರ್ಶಿಸುತ್ತ ಹೋಗುವ ವಕ್ರರೇಖೆ. ಈ ಲೇಖನದ ವಿಷಯ ಅದಲ್ಲ. ಪರಿಹಾರವೋ ಅದರ ಅವಕಲಗಳೋ ಒಂದು ಬಿಂದುವಿನಲ್ಲಿ ಮಿತಿ ಮೀರಿ ಬೆಳೆಯುವುದು ಇಲ್ಲಿನ ವಿಷಯ.

ನಾಲ್ಕನೆಯ ಕ್ರಮ ಬಂದ ಬಗೆ

ಭೌತವಿಜ್ಞಾನದ ಪರಿಚಿತ ಸಮೀಕರಣಗಳಲ್ಲಿ ಹೆಚ್ಚಿನವು ಎರಡನೆಯ ಕ್ರಮದವು. ಅಲೆಯ ಸಮೀಕರಣ, ಉಷ್ಣ ಹರಡುವ ಸಮೀಕರಣ, ಲಾಪ್ಲಾಸನ ಸಮೀಕರಣ ಎಲ್ಲವೂ ಹಾಗೆಯೇ. ನಾಲ್ಕನೆಯ ಕ್ರಮ ಬಂದದ್ದು ಬಾಗುವಿಕೆಯ ಅಧ್ಯಯನದಿಂದ. ಒಂದು ತೊಲೆಯ ಮೇಲೆ ಭಾರ ಹೇರಿದಾಗ ಅದು ಬಾಗಿದ ಪ್ರಮಾಣವನ್ನು ಒಮ್ಮೆ ಅವಕಲಿಸಿದರೆ ಇಳಿಜಾರು ಸಿಗುತ್ತದೆ, ಎರಡನೆಯ ಸಲ ವಕ್ರತೆ. ಬಾಗಿಸುವ ತಿರುಗುಬಲ ಈ ವಕ್ರತೆಗೆ ಅನುಪಾತದಲ್ಲಿರುತ್ತದೆ. ಮೂರನೆಯ ಸಲ ಅಡ್ಡಕೊಯ್ತದ ಬಲ, ನಾಲ್ಕನೆಯ ಸಲ ಹೇರಿದ ಭಾರ. ಸೇತುವೆಯನ್ನೋ ಚಾವಣಿಯನ್ನೋ ವಿನ್ಯಾಸಗೊಳಿಸುವ ಎಂಜಿನಿಯರು ನಾಲ್ಕನೆಯ ಅವಕಲವನ್ನು ದಿನವೂ ಬಳಸುತ್ತಾನೆ.

ತೊಲೆಯಿಂದ ತಗಡಿಗೆ ಹೋಗುವ ಹಾದಿ ಸುಲಭವಾಗಿರಲಿಲ್ಲ. ಜರ್ಮನಿಯ ಅರ್ನ್‌ಸ್ಟ್ ಕ್ಲಾಡ್ನಿ ತಗಡಿನ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದು, ಮರಳು ಚೆಲುವಾದ ಚಿತ್ರಗಳಾಗಿ ಕೂಡುವುದನ್ನು ತೋರಿಸುತ್ತಿದ್ದ. ನೆಪೋಲಿಯನ್ ಇದನ್ನು ಕಂಡು ಬೆರಗಾದ. 1809ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಸಂಸ್ಥೆ ಈ ಕಂಪನಗಳ ಗಣಿತವನ್ನು ಕೊಟ್ಟವರಿಗೆ ಬಹುಮಾನ ಘೋಷಿಸಿತು. 1811ರಲ್ಲಿ ಬಂದ ಪ್ರಬಂಧ ಒಂದೇ ಒಂದು. ಬರೆದಾಕೆ ಸೋಫಿ ಜರ್ಮೇನ್. ಹೆಣ್ಣು ಎಂಬ ಕಾರಣಕ್ಕೆ ಆಕೆಗೆ ಕಾಲೇಜಿನ ಬಾಗಿಲು ಮುಚ್ಚಿತ್ತು. ಗಂಡಸಿನ ಹೆಸರಿಟ್ಟುಕೊಂಡು ಲಗ್ರಾಂಜನಿಗೆ ಬರೆದು ಗಣಿತ ಕಲಿತಿದ್ದವಳು ಆಕೆ. ತಗಡಿನ ಪ್ರತಿರೋಧ ಅದರ ವಕ್ರತೆಗಳ ಮೊತ್ತಕ್ಕೆ ಅನುಪಾತದಲ್ಲಿರುತ್ತದೆ ಎಂಬ ಆಕೆಯ ಊಹೆ ಸರಿಯಿತ್ತು. ಮುಂದಿನ ಲೆಕ್ಕದಲ್ಲಿ ತಪ್ಪಿತ್ತು. ತೀರ್ಪುಗಾರರಲ್ಲಿ ಒಬ್ಬನಾಗಿದ್ದ ಲಗ್ರಾಂಜ್ ಆ ಊಹೆಯಿಂದ ಸರಿಯಾದ ಸಮೀಕರಣವನ್ನು ಪಡೆದ. ಅದು ನಾಲ್ಕನೆಯ ಕ್ರಮದ್ದಾಗಿತ್ತು. ಆಕೆ ಪಟ್ಟು ಬಿಡದೆ ಮತ್ತೆರಡು ಸಲ ಬರೆದು 1816ರಲ್ಲಿ ಬಹುಮಾನ ಗೆದ್ದಳು. ಅಂಚುಗಳಲ್ಲಿ ಯಾವ ನಿಬಂಧನೆ ಇರಬೇಕೆಂಬುದನ್ನು 1850ರಲ್ಲಿ ಕಿರ್ಚಾಫ್ ಸರಿಪಡಿಸಿದ.

ಜರ್ಮೇನಳ ಸಮೀಕರಣ ರೇಖೀಯ. ಭಾರ ಎರಡರಷ್ಟಾದರೆ ಬಾಗುವಿಕೆಯೂ ಎರಡರಷ್ಟು. ತಗಡು ತನ್ನ ದಪ್ಪಕ್ಕಿಂತ ಕಡಿಮೆ ಬಾಗಿದಾಗ ಮಾತ್ರ ಈ ಲೆಕ್ಕ ನಡೆಯುತ್ತದೆ. ಸೀರೆ, ಕಾಗದ, ವಿಮಾನದ ಹೊದಿಕೆ ಇವೆಲ್ಲ ತಮ್ಮ ದಪ್ಪದ ನೂರಾರು ಪಟ್ಟು ಬಾಗಬಲ್ಲವು. ಹಾಗೆ ಬಾಗುವಾಗ ಹಾಳೆ ಕೆಲವೆಡೆ ಹಿಗ್ಗಲೇಬೇಕಾಗುತ್ತದೆ. ಹಿಗ್ಗಿದ ಎಳೆತ ಮತ್ತೆ ಬಾಗುವಿಕೆಯನ್ನು ಬದಲಿಸುತ್ತದೆ. ಒಂದನ್ನೊಂದು ಹಿಡಿದೆಳೆಯುವ ಎರಡು ಸಮೀಕರಣಗಳನ್ನು 1907ರಲ್ಲಿ ಜರ್ಮನಿಯ ಆಗಸ್ಟ್ ಫ್ಯೋಪ್ಲ್ ಮತ್ತು 1910ರಲ್ಲಿ ಹಂಗೆರಿ ಮೂಲದ ತಿಯೋಡರ್ ಫಾನ್ ಕಾರ್ಮಾನ್ ಬರೆದರು. ಎರಡೂ ನಾಲ್ಕನೆಯ ಕ್ರಮದವು, ಎರಡೂ ಅರೇಖೀಯ.

ಕಾರ್ಮಾನ್ ಮುಂದೆ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ವಾಯುಯಾನ ಪ್ರಯೋಗಾಲಯವನ್ನು ಬೆಳೆಸಿದ. ಅದೇ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮುಗಿಸಿ ಬಂದ ಸತೀಶ್ ಧವನ್ 1962ರಿಂದ 1981ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಆ ಸಂಸ್ಥೆಯ ಎರಡನೆಯ ಆವರಣ ಇಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ನಮ್ಮ ಎಷ್ಟೋ ವಿಜ್ಞಾನ ಅಧ್ಯಾಪಕರು ತರಬೇತಿಗಾಗಿ ಅಲ್ಲಿಗೆ ಹೋಗಿ ಬಂದಿದ್ದಾರೆ. ಅದೇ ತಾಲ್ಲೂಕಿನಲ್ಲಿರುವ ವೈಮಾನಿಕ ಪರೀಕ್ಷಾ ವಲಯದಲ್ಲಿ 2016ರ ನವೆಂಬರಿನಲ್ಲಿ ಚಾಲಕರಹಿತ ರುಸ್ತುಂ-2 ಮೊದಲ ಬಾರಿ ಹಾರಿತು. ತೆಳುವಾದ ಹೊದಿಕೆ ಎಷ್ಟು ಒತ್ತಡಕ್ಕೆ ಸುಕ್ಕುಗಟ್ಟುತ್ತದೆ ಎಂದು ಕೇಳಿದಾಗ ವಿಮಾನ ವಿನ್ಯಾಸಕರು ಮೊದಲು ನೆನೆಯುವುದು ಕಾರ್ಮಾನನ ಸಮೀಕರಣಗಳನ್ನೇ.

ಹನಿಗೂ ಅದೇ ಕ್ರಮ

ಇನ್ನು ಎಣ್ಣೆಯ ಕಡೆಗೆ ಬರೋಣ. ಅದು ಬಾಗುವ ತಗಡಲ್ಲ, ಹರಿಯುವ ದ್ರವ. ಅಲ್ಲಿಗೆ ನಾಲ್ಕನೆಯ ಕ್ರಮ ಹೇಗೆ ಬಂತು?

1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬ್ಯೂಚಂಪ್ ಟವರ್ ಎಂಬ ಎಂಜಿನಿಯರು ಯಂತ್ರಗಳ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ಅವುಗಳ ಒಳಗಿನ ತೆಳುವಾದ ಎಣ್ಣೆಪದರದಲ್ಲಿ ಭಾರಿ ಒತ್ತಡ ಉಂಟಾಗುವುದನ್ನು ಕಂಡ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕೊಟ್ಟ. ಪದರ ತೀರ ತೆಳುವಾಗಿದ್ದರೆ ದ್ರವಚಲನೆಯ ದೊಡ್ಡ ಸಮೀಕರಣಗಳು ಸರಳವಾಗುತ್ತವೆ. ನೆಲಕ್ಕೆ ಅಂಟಿದ ಎಣ್ಣೆ ಕದಲುವುದಿಲ್ಲ, ಮೇಲೆ ಹೋದಂತೆ ವೇಗ ಹೆಚ್ಚುತ್ತದೆ. ಒಟ್ಟು ಹರಿವು ಪದರದ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಅರ್ಧವಾದರೆ ಹರಿವು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ.

ಹನಿಯನ್ನು ಹರಡಿಸುವ ಒತ್ತಡ ಮೇಲ್ಮೈ ಎಳೆತದಿಂದ ಬರುತ್ತದೆ. ಈಗ ಅವಕಲಗಳನ್ನು ಎಣಿಸಿ. ಮೇಲ್ಮೈ ಎಳೆತದ ಒತ್ತಡ ವಕ್ರತೆಯನ್ನು ಅವಲಂಬಿಸಿದೆ, ಅಂದರೆ ದಪ್ಪದ ಎರಡನೆಯ ಅವಕಲ. ದ್ರವ ಹರಿಯುವುದು ಒತ್ತಡದ ವ್ಯತ್ಯಾಸದಿಂದ, ಅಲ್ಲಿಗೆ ಮೂರು. ಒಂದು ಜಾಗಕ್ಕೆ ಬಂದ ಹರಿವಿನಲ್ಲಿ ಹೋದದ್ದನ್ನು ಕಳೆದರೆ ಅಲ್ಲಿನ ದಪ್ಪ ಎಷ್ಟು ಬದಲಾಯಿತೆಂದು ತಿಳಿಯುತ್ತದೆ, ಅಲ್ಲಿಗೆ ನಾಲ್ಕು. ಹರಿವಿನಲ್ಲಿ ದಪ್ಪದ ಘನ ಗುಣಕವಾಗಿ ಕೂತಿರುವುದರಿಂದ ಸಮೀಕರಣ ಅರೇಖೀಯ. ಇದನ್ನು ತೆಳುಪದರದ ಸಮೀಕರಣ ಎನ್ನುತ್ತಾರೆ.

ಇದರಿಂದ ಒಂದು ಸುಂದರ ಫಲವನ್ನು ತರಗತಿಯಲ್ಲೇ ಪಡೆಯಬಹುದು. ಹನಿಯ ಒಟ್ಟು ಗಾತ್ರ ಬದಲಾಗುವುದಿಲ್ಲ. ಆದ್ದರಿಂದ ದಪ್ಪ ತ್ರಿಜ್ಯದ ವರ್ಗಕ್ಕೆ ವಿಲೋಮವಾಗಿರುತ್ತದೆ. ಸಮೀಕರಣದ ಎರಡು ಬದಿಗಳನ್ನು ತೂಗಿದರೆ, ಕಾಲದ ವಿಲೋಮವು ದಪ್ಪದ ಘನವನ್ನು ತ್ರಿಜ್ಯದ ನಾಲ್ಕನೆಯ ಘಾತದಿಂದ ಭಾಗಿಸಿದ್ದಕ್ಕೆ ಅನುಪಾತದಲ್ಲಿರಬೇಕು. ದಪ್ಪದ ಘನದಿಂದ ಬರುವ ಆರು, ಈ ನಾಲ್ಕು, ಒಟ್ಟು ಹತ್ತು. ಅಂದರೆ ಕಾಲವು ತ್ರಿಜ್ಯದ ಹತ್ತನೆಯ ಘಾತದಂತೆ ಬೆಳೆಯುತ್ತದೆ! ಒಂದು ಸೆಕೆಂಡಿನಲ್ಲಿ 1 ಮಿಲಿಮೀಟರ್ ತ್ರಿಜ್ಯಕ್ಕೆ ಹರಡಿದ ಪುಟ್ಟ ಹನಿ 2 ಮಿಲಿಮೀಟರ್ ಆಗಲು 1024 ಸೆಕೆಂಡು, ಸುಮಾರು 17 ನಿಮಿಷ ಬೇಕು. 1979ರಲ್ಲಿ ಟ್ಯಾನರ್ ಎಂಬ ವಿಜ್ಞಾನಿ ಸಿಲಿಕೋನ್ ಎಣ್ಣೆಯ ಹನಿಗಳನ್ನು ಅಳೆದು ಈ ನಿಯಮವನ್ನು ತೋರಿಸಿದ. ಇದಕ್ಕೆ ಟ್ಯಾನರನ ನಿಯಮವೆಂದೇ ಹೆಸರು.

ಹರ್ಕ್ಯುಲಿಸನಿಂದಲೂ ಆಗದ ಕೆಲಸ

ಲೆಕ್ಕವೂ ಅಳತೆಯೂ ಹೊಂದಿದವಲ್ಲ, ಕಥೆ ಮುಗಿಯಿತು ಎಂದುಕೊಳ್ಳಬೇಡಿ. ಮೇಲಿನ ಲೆಕ್ಕದಲ್ಲಿ ನಾವು ಹನಿಯ ಅಂಚನ್ನು ನೋಡಲೇ ಇಲ್ಲ.

ಅಂಚಿನಲ್ಲಿ ಎಣ್ಣೆಯ ದಪ್ಪ ಸೊನ್ನೆ. ಕೆಳಗೆ ಗಾಜಿಗೆ ಅಂಟಿದ ಎಣ್ಣೆ ನಿಂತಿದೆ, ಮೇಲಿನದು ಚಲಿಸುತ್ತಿದೆ. ಎರಡರ ನಡುವಿನ ದೂರ ಕಡಿಮೆಯಾದಷ್ಟೂ ಘರ್ಷಣೆ ಹೆಚ್ಚು. ಅಂಚಿಗೆ 1 ಮಿಲಿಮೀಟರ್ ದೂರದಿಂದ ಅದರ ಹತ್ತನೆಯ ಒಂದು ಪಾಲಿನವರೆಗಿನ ಪಟ್ಟಿಯಲ್ಲಿ ಒಂದಿಷ್ಟು ಬಲ ವ್ಯಯವಾಗುತ್ತದೆ ಎನ್ನಿ. ಅಲ್ಲಿಂದ ನೂರನೆಯ ಒಂದು ಪಾಲಿನವರೆಗಿನ ಪಟ್ಟಿಯ ಅಗಲ ಹತ್ತನೆಯ ಒಂದು, ಆದರೆ ಘರ್ಷಣೆ ಹತ್ತರಷ್ಟು. ಆದ್ದರಿಂದ ಬಲ ಅಷ್ಟೇ. ಮುಂದಿನ ಪಟ್ಟಿಯಲ್ಲೂ ಅಷ್ಟೇ. ಅಂಚನ್ನು ಮುಟ್ಟುವ ಮೊದಲು ಇಂಥ ಪಟ್ಟಿಗಳು ಎಷ್ಟು? ಕೊನೆಯೇ ಇಲ್ಲ! ಸಮಪಾಲುಗಳನ್ನು ಕೊನೆಯಿಲ್ಲದಷ್ಟು ಸಲ ಕೂಡಿದರೆ ಮೊತ್ತ ಅನಂತ. ಗಣಿತದಲ್ಲಿ ಇದಕ್ಕೆ ಲಘುಗಣಕದ ಅನಂತ ಎನ್ನುತ್ತಾರೆ.

1971ರಲ್ಲಿ ಅಮೆರಿಕದ ಚುನ್ ಹು ಮತ್ತು ಸ್ಕ್ರಿವೆನ್ ಇದನ್ನು ಸ್ಪಷ್ಟವಾಗಿ ಲೆಕ್ಕ ಹಾಕಿ ತೋರಿಸಿದರು. ಈ ಮಾದರಿಯೇ ಪೂರ್ತಿ ನಿಜವಾದರೆ ಹರ್ಕ್ಯುಲಿಸನಂಥ ಬಲಶಾಲಿಯಿಂದಲೂ ಒಂದು ವಸ್ತುವನ್ನು ದ್ರವದಲ್ಲಿ ಮುಳುಗಿಸಲು ಆಗದು ಎಂದು ಅವರು ವಿನೋದವಾಗಿ ಬರೆದರು. ಬಾವಿಗೆ ಬಿಟ್ಟ ಕೊಡ ಮುಳುಗುತ್ತದೆ, ಬಾಣಲೆಯಲ್ಲಿ ಎಣ್ಣೆ ಹರಡುತ್ತದೆ. ಸಮೀಕರಣ ಮಾತ್ರ ‘ಆಗದು’ ಎನ್ನುತ್ತದೆ. ಹಾಗಾದರೆ ಸಮೀಕರಣ ಸುಳ್ಳೇ?

1974ರಲ್ಲಿ ಡುಸಾನ್ ಮತ್ತು ಡೇವಿಸ್ ಜೇನುತುಪ್ಪದ ಮೇಲೆ ಬಣ್ಣದ ಚುಕ್ಕೆಯಿಟ್ಟು ಅಂಚಿನ ಚಲನೆಯನ್ನು ಪರೀಕ್ಷಿಸಿದರು. ದ್ರವ ಮುಂದೆ ಜಾರುವುದಿಲ್ಲ, ಚಕ್ರದಂತೆ ಉರುಳುತ್ತದೆ. ಮೇಲ್ಮೈಯಲ್ಲಿದ್ದ ಚುಕ್ಕೆ ಅಂಚಿಗೆ ಬಂದು ನೆಲಕ್ಕೆ ಸೇರುತ್ತದೆ. ನೆಲಕ್ಕೆ ಅಂಟಿಕೊಂಡ ದ್ರವ ಎಂದೂ ಕದಲದು ಎಂಬ ನಿಯಮಕ್ಕೂ ಅಂಚು ಮುಂದೆ ಸಾಗುವ ನಿಜಕ್ಕೂ ಎಲ್ಲಿ ತಿಕ್ಕಾಟವಿದೆ ಎಂಬುದು ಇದರಿಂದ ಕಣ್ಣಿಗೆ ಬಿತ್ತು.

ಪರಿಹಾರದ ಬೀಜ ಹಳೆಯದು. 1823ರಲ್ಲೇ ಫ್ರಾನ್ಸಿನ ನೇವಿಯೆ, ದ್ರವ ಗೋಡೆಯ ಮೇಲೆ ಒಂದಿಷ್ಟು ಜಾರಬಹುದು ಎಂದು ಸೂಚಿಸಿದ್ದ. ತಗಡಿನ ಬಾಗುವಿಕೆಯ ಬಗ್ಗೆಯೂ ಆ ದಶಕದಲ್ಲೇ ಬರೆದವನು ಅವನು. ನಮ್ಮ ಎರಡು ಕಥೆಗಳಲ್ಲೂ ಅವನಿಗೆ ಪಾತ್ರವಿದೆ. ಜಾರುವಿಕೆಯ ಪ್ರಮಾಣವನ್ನು ಒಂದು ಉದ್ದವಾಗಿ ಹೇಳಬಹುದು. ಅದು ಅಣುಗಳ ಅಳತೆಯದು, ನ್ಯಾನೋಮೀಟರುಗಳಲ್ಲಿ. ಇನ್ನೊಂದು ದಾರಿಯೂ ಇದೆ. 1919ರಲ್ಲಿ ಹಾರ್ಡಿ ಎಂಬ ಬ್ರಿಟಿಷ್ ವಿಜ್ಞಾನಿ, ಹರಡುವ ಹನಿಯ ಮುಂದೆ ಕಣ್ಣಿಗೆ ಕಾಣದ ತೆಳುಪೊರೆಯೊಂದು ಮೊದಲೇ ಸಾಗಿರುತ್ತದೆ ಎಂದು ಗುರುತಿಸಿದ್ದ. ಅಂದರೆ ಹನಿ ಒಣ ಗಾಜಿನ ಮೇಲಲ್ಲ, ಆಗಲೇ ಎಣ್ಣೆ ಸವರಿದ ಗಾಜಿನ ಮೇಲೆ ನಡೆಯುತ್ತಿದೆ. ಮುಂದೆ ನೊಬೆಲ್ ಪಡೆದ ಡ ಜೆನ್ 1985ರಲ್ಲಿ ಇದನ್ನೆಲ್ಲ ಒಂದೆಡೆ ಸೇರಿಸಿ ವಿವರಿಸಿದ.

ಎರಡು ದಾರಿಯಲ್ಲೂ ಆಗುವುದು ಒಂದೇ. ಪಟ್ಟಿಗಳ ಎಣಿಕೆ ಎಲ್ಲೋ ನಿಲ್ಲುತ್ತದೆ. 1 ಮಿಲಿಮೀಟರಿನಿಂದ 1 ನ್ಯಾನೋಮೀಟರಿಗೆ ಹತ್ತರ ಪಟ್ಟಿಗಳು ಆರೇ ಆರು. ಅನಂತದ ಜಾಗದಲ್ಲಿ ಆರು ಪಾಲು! ಜಾರುವ ಉದ್ದ ನಿಖರವಾಗಿ ಗೊತ್ತಿಲ್ಲದೆ ಹತ್ತು ಪಟ್ಟು ತಪ್ಪಿದರೂ ಆರು ಏಳಾಗಬಹುದು, ಐದಾಗಬಹುದು, ಅಷ್ಟೆ. ಅಂಚಿನ ರಹಸ್ಯ ತಿಳಿಯದೆಯೂ ಟ್ಯಾನರನ ನಿಯಮ ಸರಿಬಂದದ್ದು ಇದರಿಂದಲೇ.

ಮೂರು ಎಂಬ ಗಡಿ

ಭೌತವಿಜ್ಞಾನಿಗಳು ಹೀಗೆ ಸಮಾಧಾನಪಟ್ಟರು. ಗಣಿತಜ್ಞರ ಪ್ರಶ್ನೆ ಬೇರೆಯಾಗಿತ್ತು. ಈ ಸಮೀಕರಣಕ್ಕೆ ಪರಿಹಾರ ಇದೆಯೇ? ಇದ್ದರೆ ದಪ್ಪ ಋಣ ಸಂಖ್ಯೆಯಾಗದೆ ಇರುತ್ತದೆಯೇ?

ಎರಡನೆಯ ಪ್ರಶ್ನೆ ಕೇಳಲು ವಿಚಿತ್ರ. ಆದರೆ ನಾಲ್ಕನೆಯ ಕ್ರಮದಲ್ಲಿ ಅದೇ ದೊಡ್ಡ ತೊಡಕು. ಉಷ್ಣ ಸಮೀಕರಣದಲ್ಲಿ ಮೊದಲು ಎಲ್ಲೂ ಸೊನ್ನೆಗಿಂತ ಕೆಳಗಿಲ್ಲದ ಉಷ್ಣತೆ ಮುಂದೆಯೂ ಕೆಳಗಿಳಿಯದು. ಇದನ್ನು ಗರಿಷ್ಠ ತತ್ತ್ವ ಎನ್ನುತ್ತಾರೆ. ನಾಲ್ಕನೆಯ ಕ್ರಮದ ರೇಖೀಯ ಸಮೀಕರಣದಲ್ಲಿ ಈ ರಕ್ಷಣೆ ಇಲ್ಲ. ಒಂದೆಡೆ ಗುಡ್ಡೆಯಾಗಿದ್ದದ್ದು ಹರಡುವಾಗ ಪಕ್ಕದಲ್ಲಿ ಸೊನ್ನೆಗಿಂತ ಕೆಳಗಿನ ತಗ್ಗುಗಳು ಏಳುತ್ತವೆ. ಎಣ್ಣೆಯ ದಪ್ಪ ಸೊನ್ನೆಗಿಂತ ಕಡಿಮೆ ಎಂದರೆ ಅರ್ಥವೇನು? 1990ರಲ್ಲಿ ಫ್ರಾನ್ಸಿಸ್ಕೊ ಬರ್ನಿಸ್ ಮತ್ತು ಆವ್ನರ್ ಫ್ರೀಡ್‌ಮನ್, ಅರೇಖೀಯತೆಯೇ ಇಲ್ಲಿ ಕಾಪಾಡುತ್ತದೆ ಎಂದು ಸಾಧಿಸಿದರು. ದಪ್ಪ ಸೊನ್ನೆಯ ಹತ್ತಿರ ಬಂದಾಗ ಗುಣಕವೂ ಸೊನ್ನೆಯಾಗಿ ಹರಿವು ನಿಂತುಬಿಡುತ್ತದೆ.

ಗುಣಕದಲ್ಲಿ ದಪ್ಪದ ಘನವೇ ಇರಬೇಕೆಂದಿಲ್ಲ. ಒಂದನೆಯ ಘಾತ, ವರ್ಗ ಅಥವಾ ಬೇರೆ ಘಾತವನ್ನು ಇಟ್ಟು ನೋಡಬಹುದು. 1988ರಲ್ಲಿ ಸ್ಮೈತ್ ಮತ್ತು ಹಿಲ್ ಒಂದನೆಯ ಘಾತಕ್ಕೆ ಪೂರ್ತಿ ಸ್ಪಷ್ಟ ಪರಿಹಾರ ಕೊಟ್ಟರು. ಆರಂಭದಲ್ಲಿ ಎಲ್ಲ ದ್ರವವೂ ಒಂದೇ ಬಿಂದುವಿನಲ್ಲಿದೆ ಎಂದು ಭಾವಿಸಿ. ದಪ್ಪ ಅಲ್ಲಿ ಅನಂತ, ಉಳಿದೆಡೆ ಸೊನ್ನೆ. ಇಂಥ ವಿಲಕ್ಷಣ ಆರಂಭದಿಂದ ಹೊರಡುವುದಕ್ಕೆ ಮೂಲಬಿಂದು ಪರಿಹಾರ ಎನ್ನೋಣ. ಅದರ ಆಕಾರ ಸರಳ: ಮಧ್ಯದಿಂದ ಅಂಚಿಗಿರುವ ದೂರದ ವರ್ಗದಲ್ಲಿ, ನಮ್ಮ ಬಿಂದುವಿಗಿರುವ ದೂರದ ವರ್ಗವನ್ನು ಕಳೆದು, ಬಂದದ್ದನ್ನು ಮತ್ತೆ ವರ್ಗ ಮಾಡಿ; ದಪ್ಪ ಅದಕ್ಕೆ ಅನುಪಾತದಲ್ಲಿರುತ್ತದೆ. ಅಂಚು ಕಾಲದ ಐದನೆಯ ಮೂಲದಂತೆ ಸರಿಯುತ್ತದೆ. ಬಿ.ಎಸ್ಸಿ. ವಿದ್ಯಾರ್ಥಿ ಇದನ್ನು ಸಮೀಕರಣದಲ್ಲಿಟ್ಟು ತಾಳೆ ನೋಡಬಹುದು. ಮೂರು ಸಲ ಅವಕಲಿಸಿದರೆ ಸಾಕು.

1992ರಲ್ಲಿ ಬರ್ನಿಸ್, ಪೆಲೆಟಿಯರ್ ಮತ್ತು ವಿಲಿಯಮ್ಸ್ ಸಾಮಾನ್ಯ ಪ್ರಶ್ನೆಗೆ ಉತ್ತರಿಸಿದರು. ಘಾತ ಸೊನ್ನೆಗಿಂತ ಹೆಚ್ಚು, ಮೂರಕ್ಕಿಂತ ಕಡಿಮೆ ಇದ್ದರೆ ಮೂಲಬಿಂದು ಪರಿಹಾರ ಇದೆ. ಮೂರು ಅಥವಾ ಅದಕ್ಕಿಂತ ಹೆಚ್ಚಾದರೆ ಇಲ್ಲ. ಘನ ಎಂದರೆ ಸರಿಯಾಗಿ ಮೂರು! ಗಾಜಿಗೆ ಪೂರ್ತಿ ಅಂಟಿಕೊಂಡ ಎಣ್ಣೆಯ ಸಮೀಕರಣ ‘ಇಲ್ಲ’ ಎಂಬ ಗಡಿಯ ಮೇಲೆಯೇ ನಿಂತಿದೆ. ಹು ಮತ್ತು ಸ್ಕ್ರಿವೆನ್ ಬಲದ ಲೆಕ್ಕದಲ್ಲಿ ಕಂಡದ್ದನ್ನೇ ಗಣಿತ ಬೇರೆ ದಾರಿಯಲ್ಲಿ ಹೇಳಿತು. ನೇವಿಯೆಯ ಜಾರುವಿಕೆಯನ್ನು ಸೇರಿಸಿದರೆ ಘನದ ಜೊತೆ ವರ್ಗದ ಪದವೊಂದು ಬರುತ್ತದೆ. ದಪ್ಪ ತೀರ ಕಡಿಮೆಯಾದ ಅಂಚಿನಲ್ಲಿ ವರ್ಗವೇ ಮೇಲುಗೈ ಪಡೆಯುತ್ತದೆ. ಎರಡು ಮೂರಕ್ಕಿಂತ ಕಡಿಮೆ, ಅಂಚು ಚಲಿಸಬಲ್ಲದು. ನ್ಯಾನೋಮೀಟರಿನಷ್ಟು ಜಾರುವಿಕೆ ‘ಇಲ್ಲ’ವನ್ನು ‘ಇದೆ’ಯಾಗಿ ಮಾಡಿತು.

ಮಡಿಕೆಯ ತುದಿ

ಈಗ ಮತ್ತೆ ಹಾಳೆಗೆ ಬರೋಣ. ಹಾಳೆಯನ್ನು ಬಾಗಿಸುವ ಕಷ್ಟ ದಪ್ಪದ ಘನದಂತೆ, ಹಿಗ್ಗಿಸುವ ಕಷ್ಟ ದಪ್ಪದಂತೆ ಬದಲಾಗುತ್ತದೆ. ಆದ್ದರಿಂದ ಹಾಳೆ ತೆಳುವಾದಷ್ಟೂ ಹಿಗ್ಗುವುದಕ್ಕಿಂತ ಬಾಗುವುದನ್ನೇ ಬಯಸುತ್ತದೆ. ಹಿಗ್ಗದೆ ಬಾಗುವುದಕ್ಕೆ ಗಾಸ್ 1827ರಲ್ಲೇ ನಿಯಮ ಕೊಟ್ಟಿದ್ದ: ಒಂದು ದಿಕ್ಕಿನಲ್ಲಿ ಬಾಗಿದ ಸಪಾಟು ಹಾಳೆ ಇನ್ನೊಂದು ದಿಕ್ಕಿನಲ್ಲಿ ನೇರವಾಗಿಯೇ ಇರಬೇಕು. ನೋಟುಪುಸ್ತಕದ ಹಾಳೆಯ ತುದಿಯನ್ನು ಹಿಡಿದರೆ ಜೋಲುತ್ತದೆ. ಉದ್ದಕ್ಕೆ ದೋಣಿಯಂತೆ ಬಾಗಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಕಾರಣ ಇದೇ ನಿಯಮ.

ದುಂಡಗೆ ಕತ್ತರಿಸಿದ ಕಾಗದವನ್ನು ಲೋಟದ ಬಾಯಿಯ ಮೇಲಿಟ್ಟು ಪೆನ್ಸಿಲಿನ ತುದಿಯಿಂದ ನಡುವನ್ನು ಒತ್ತಿ. ಕಾಗದ ಶಂಕುವಾಗುತ್ತದೆ, ಆದರೆ ಒಂದು ಪಕ್ಕ ಲೋಟದ ಅಂಚನ್ನು ಬಿಟ್ಟು ಮೇಲೆದ್ದು ನಿಲ್ಲುತ್ತದೆ. ಶಂಕುವಿನ ತುದಿಯ ಹತ್ತಿರ ವಕ್ರತೆ ದೂರಕ್ಕೆ ವಿಲೋಮ. ಬಾಗುವಿಕೆಯ ಶಕ್ತಿ ವಕ್ರತೆಯ ವರ್ಗಕ್ಕೆ ಅನುಪಾತದಲ್ಲಿದೆ. ಇಲ್ಲೂ ಪಟ್ಟಿಗಳನ್ನು ಎಣಿಸಿ: 10 ಸೆಂಟಿಮೀಟರಿನಿಂದ 1 ಸೆಂಟಿಮೀಟರಿನ ವರೆಗೆ ಒಂದು ಪಾಲು, ಅಲ್ಲಿಂದ 1 ಮಿಲಿಮೀಟರಿನ ವರೆಗೆ ಅಷ್ಟೇ ಇನ್ನೊಂದು ಪಾಲು. ಹನಿಯ ಅಂಚಿನಲ್ಲಿ ಕಂಡ ಲಘುಗಣಕದ ಅನಂತವೇ ಶಂಕುವಿನ ತುದಿಯಲ್ಲೂ ಕಾದಿದೆ!

ಇಲ್ಲಿ ಅದನ್ನು ತಡೆಯುವುದು ಹಾಳೆಯ ದಪ್ಪ. ತುದಿಯ ಸುತ್ತಲಿನ ಸಣ್ಣ ತಿರುಳಿನಲ್ಲಿ ಹಾಳೆ ಬೇರೆ ದಾರಿಯಿಲ್ಲದೆ ಹಿಗ್ಗುತ್ತದೆ. ಕಾಗದವಾದರೆ ಅಲ್ಲೊಂದು ಮಾಯದ ಗಾಯ ಉಳಿಯುತ್ತದೆ. ತಿರುಳಿನ ಅಳತೆಯನ್ನು ದಪ್ಪವೂ ಲೋಟದ ತ್ರಿಜ್ಯವೂ ಸೇರಿ ನಿರ್ಧರಿಸುತ್ತವೆ. 0.1 ಮಿಲಿಮೀಟರ್ ದಪ್ಪದ ಕಾಗದದಲ್ಲಿ ಪಾಲುಗಳು ಮೂರನ್ನು ಮೀರಲಾರವು. 1995ರಲ್ಲಿ ಷಿಕಾಗೋದಲ್ಲಿ ವಿಟ್ಟನ್ ಮತ್ತು ಸಂಗಡಿಗರು, ಮುದುರಿದ ಹಾಳೆಯಲ್ಲಿ ಇಂಥ ಎರಡು ತುದಿಗಳ ನಡುವೆ ಏಳುವ ಏಣುಗಳ ನಿಯಮ ಕಂಡರು. 1997ರಲ್ಲಿ ಬೆನ್ ಅಮರ್ ಮತ್ತು ಪೊಮೋ, 1998ರಲ್ಲಿ ಸೆರ್ಡ ಮತ್ತು ಭಾರತ ಮೂಲದ ಎಲ್. ಮಹಾದೇವನ್ ಶಂಕುವಿನ ಗಣಿತವನ್ನು ಬಿಡಿಸಿದರು. ಒತ್ತಿದ ಆಳ ಕಡಿಮೆಯಿದ್ದರೆ, ಮೇಲೆದ್ದ ಭಾಗದ ಕೋನ ಸುಮಾರು 140 ಡಿಗ್ರಿ. ಕಾಗದವಾಗಲಿ ಪ್ಲಾಸ್ಟಿಕ್ ಹಾಳೆಯಾಗಲಿ ಕೋನ ಒಂದೇ.

ನೇಯ್ದ ಸೀರೆ ಕಾಗದದಂತಲ್ಲ. ಹಾಸು ಹೊಕ್ಕು ಎಳೆಗಳು ಒಂದರ ಮೇಲೊಂದು ಓರೆಯಾಗಬಲ್ಲವು. ಮೈಮೇಲೆ ಸೀರೆ ಚೆನ್ನಾಗಿ ಇಳಿಬೀಳುವುದು ಅದರಿಂದಲೇ. ಆದರೂ ಒತ್ತಿ ಮಡಿಸಿಟ್ಟಾಗ ವಕ್ರತೆಯೆಲ್ಲ ಗೆರೆಗಳಲ್ಲಿ, ಗೆರೆಗಳು ಕೂಡುವೆಡೆ ಇನ್ನೂ ಹೆಚ್ಚಾಗಿ ಸೇರುವುದು ಇಲ್ಲಿಯೂ ನಿಜ. ಬಾಗಲು ಒಲ್ಲದ ಜರಿ ಅಲ್ಲೇ ಸೋಲುತ್ತದೆ. ಮಡಿಕೆ ಬದಲಿಸಿ ಎನ್ನುವ ಹಿರಿಯರ ಮಾತಿನಲ್ಲಿ ಕಾರ್ಮಾನನ ಸಮೀಕರಣದ ಸಾರವಿದೆ.

ಬೆಂಗಳೂರಿನಿಂದ ಒಂದು ಫಲಿತಾಂಶ

ಈ ಚರಿತ್ರೆಯಲ್ಲಿ ಕರ್ನಾಟಕದ ಪಾಲೂ ಇದೆ. 1970ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆಯೊಡನೆ ಸೇರಿ ಬೆಂಗಳೂರಿನಲ್ಲಿ ಅನ್ವಯಿಕ ಗಣಿತದ ಕಾರ್ಯಕ್ರಮ ತೆರೆಯಿತು. ಅದು ಬೆಳೆದು ಆಂಶಿಕ ಅವಕಲ ಸಮೀಕರಣಗಳ ಪ್ರಮುಖ ಕೇಂದ್ರವಾಯಿತು. 1997ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದ ಅಲ್ಲಿನ ಆದಿಮೂರ್ತಿಯವರು ಫ್ರೆಡರಿಕ್ ರಾಬರ್ಟ್ ಮತ್ತು ಮೈಕೇಲ್ ಸ್ಟ್ರೂವೆಯವರೊಡನೆ 2006ರಲ್ಲಿ ಪ್ರಕಟಿಸಿದ ಪ್ರಬಂಧ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ಲಿಯೂವಿಲ್ಲನ ಸಮೀಕರಣ ಎಂಬ ಎರಡನೆಯ ಕ್ರಮದ ಅರೇಖೀಯ ಸಮೀಕರಣದಲ್ಲಿ, ಪರಿಹಾರಗಳ ಸಾಲೊಂದು ಅನಂತಕ್ಕೆ ಏರುವುದಾದರೆ ಅದು ಕೆಲವೇ ಬಿಡಿ ಬಿಂದುಗಳಲ್ಲಿ ಎಂದು ಬ್ರೆಜಿಸ್ ಮತ್ತು ಮರ್ಲ್ 1991ರಲ್ಲಿ ತೋರಿಸಿದ್ದರು. ಅದರ ನಾಲ್ಕನೆಯ ಕ್ರಮದ ರೂಪವನ್ನು ನಾಲ್ಕು ಆಯಾಮಗಳಲ್ಲಿ ನೋಡಿದರೆ, ಬಿಡಿ ಬಿಂದುಗಳಷ್ಟೇ ಅಲ್ಲದೆ, ಗಾತ್ರವಿಲ್ಲದಿದ್ದರೂ ಬಿಂದುಗಳಿಗಿಂತ ದೊಡ್ಡದಾದ ಗಣದ ಮೇಲೂ ಅನಂತ ಕೂಡಬಹುದು ಎಂದು ಈ ಮೂವರು ಕಂಡರು. ಗರಿಷ್ಠ ತತ್ತ್ವದ ಕಾವಲು ಇಲ್ಲದ ಕಡೆ ಅನಂತವೂ ಹೊಸ ರೂಪ ತಾಳುತ್ತದೆ.

ಅಡ್ಡಗೆರೆ ಎಳೆಯುವ ಮುನ್ನ

ಲೆಕ್ಕ ಬಿಡಿಸುವಾಗ ಸೊನ್ನೆಯಲ್ಲಿ ಅನಂತವಾಗುವ ಪದ ಬಂದರೆ ‘ಭೌತಿಕವಾಗಿ ಅರ್ಥವಿಲ್ಲ’ ಎಂದು ಅಡ್ಡಗೆರೆ ಎಳೆಯಲು ನಾವು ಮಕ್ಕಳಿಗೆ ಕಲಿಸುತ್ತೇವೆ. ಆ ಬಿಂದು ನಿಜವಾಗಿಯೂ ಸಮಸ್ಯೆಯ ಒಳಗಿದ್ದು, ಅಲ್ಲಿ ಯಾವ ವಿಶೇಷವೂ ಇಲ್ಲದಾಗ ಅದು ಸರಿ. ಆದರೆ ಅದನ್ನೇ ಸಾರ್ವತ್ರಿಕ ನಿಯಮ ಮಾಡಿದರೆ ಮೇಲಿನ ಚರಿತ್ರೆಯನ್ನೆಲ್ಲ ಅಡ್ಡಗೆರೆಯ ಕೆಳಗೆ ಹೂತಂತೆ. ಹನಿಯ ಅಂಚಿನ ಅನಂತ ಅಣುಗಳ ಅಳತೆಯನ್ನು ಕೇಳಿತು, ಶಂಕುವಿನ ತುದಿಯ ಅನಂತ ಹಾಳೆಯ ದಪ್ಪವನ್ನು ಕೇಳಿತು. ಸಮೀಕರಣ ಬರೆಯುವಾಗ ನಾವು ಸಣ್ಣದೆಂದು ಬಿಟ್ಟಿದ್ದ ಒಂದು ಉದ್ದವನ್ನು ಅನಂತ ನೆನಪಿಸುತ್ತದೆ.

ಅಧ್ಯಾಪಕ ಮಿತ್ರರು ಎರಡು ಪ್ರಯೋಗಗಳನ್ನು ಮಾಡಿಸಬಹುದು. ಲೋಟದ ಮೇಲಿನ ಕಾಗದದಲ್ಲಿ ಮೇಲೆದ್ದ ಭಾಗದ ಕೋನವನ್ನು ಕೋನಮಾಪಕದಿಂದ ಅಳೆಯಲಿ. ಸೋಪಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿದ ಗಾಜನ್ನು ಗ್ರಾಫ್ ಹಾಳೆಯ ಮೇಲಿಟ್ಟು, ಶೇಂಗಾ ಎಣ್ಣೆಯ ಪುಟ್ಟ ಹನಿ ಬಿಟ್ಟು, 1, 2, 4, 8, 16 ನಿಮಿಷಗಳಲ್ಲಿ ತ್ರಿಜ್ಯ ಗುರುತಿಸಿ ಲಘುಗಣಕದ ನಕ್ಷೆ ಎಳೆಯಲಿ. ಹನಿ ದೊಡ್ಡದಾದರೆ ಗುರುತ್ವ ಸೇರಿ ಹತ್ತನೆಯ ಮೂಲದ ಬದಲು ಎಂಟನೆಯ ಮೂಲ ಬರಬಹುದು. ಗಾಜಿನಲ್ಲಿ ಕೊಳೆಯಿದ್ದರೆ ಹನಿ ನಡುವೆಯೇ ನಿಲ್ಲಬಹುದು. ಯಾಕೆ ಎಂದು ಮಕ್ಕಳು ಕೇಳಿದರೆ ಹನಿಯ ಅಂಚನ್ನು ತೋರಿಸಿ.